ಮೇಡನ್ ಕಾಸಲ್ ದುರ್ಗದ ಅಗೆತವೂ ಹೊರನಾಡಿನ ವಿದ್ಯಾರ್ಥಿಗಳೂ

ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಸಮೀಪವಾದ ಡಾರ್ಸೆಟ್ ಸೀಮೆಯಲ್ಲಿ, ಡಾರ್ಚೆಸ್ಟರ್ ಪಟ್ಟಣಕ್ಕೆ ಎರಡು ಮೈಲಿಗಳಷ್ಟು ನೈಋತ್ಯದಲ್ಲಿ, ಮೇಡನ್ ಕಾಸಲ್ ಎಂಬ ಪ್ರಾಚೀನ ಗಿರಿದುರ್ಗವಿದೆ. ದುರ್ಗವೆಂದೊಡನೆ ನಮ್ಮ ಚಿತ್ರದುರ್ಗದಂತಹ ಕಲ್ಲುಕೋಟೆಯನ್ನು ಭಾವಿಸಿಕೊಳ್ಳಬಾರದು. ಅಲ್ಲಿ ಬುರುಜುಗಳಿಲ್ಲ, ಕೊತ್ತಳಗಳಿಲ್ಲ. ಹುಲ್ಲು ಬೆಳೆದ ಭಾರಿ ಮಣ್ಣಿನ ಏರಿಗಳು ಒಂದರ ಹಿಂದೊಂದು ಗುಡ್ಡವನ್ನು ಬಳಸಿ ನಿಂತಿವೆ. ಅವುಗಳ ನಡುವೆ ಆಳವಾದ ಅಗಳುಗಳಿವೆ. ಒಳಗಣ ಭೂಮಿ ಸುಮಾರು 47 ಎಕರೆ. ಈ ಗುಡ್ಡವನ್ನು 1934ರಿಂದ 1937ರ ವರೆಗೆ ನಾಲ್ಕು ಬೇಸಗೆಗಳಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸರೂ ಅವರ ಪತ್ನಿ ಟೆಸ್ಸಾ ವೀಲರರೂ ಅಗೆಸಿದರು. ಟೆಸ್ಸಾ ಅವರು ಎರಡನೆಯ ಬೇಸಗೆಯನ್ನು ಮಾತ್ರ ದಾಟಿದರು. 1936ರ ಏಪ್ರಿಲಿನಲ್ಲಿ ಅಕಾಲಮರಣಕ್ಕೆ ಈಡಾದರು.

ಈ ಅಗೆತದಿಂದ ಹೊರಬಂದ ವಸ್ತುಗಳ ವಿಚಾರವು 1943ರಲ್ಲಿ ಪ್ರಕಟವಾದ ದೊಡ್ಡ ವರದಿಯಲ್ಲಿ ವಿಸ್ತಾರವಾಗಿ ಬಂದಿದೆ. ಪ್ರಕೃತ ವಿಚಾರಿಸತಕ್ಕದ್ದು ವಸ್ತುಗಳನ್ನಲ್ಲ, ಅಲ್ಲಿಗೆ ಕಲಿಯಲು ಬಂದ ಜನರನ್ನು. ಆ ಗುಡ್ಡವು ಕೂಲಿಯಾಳುಗಳ ಕಾರ್ಯಕ್ಷೇತ್ರವಾಗಿದ್ದಂತೆಯೇ ಒಂದು ಗುರುಕುಲವೂ ಆಗಿದ್ದಿತು. ಇಂಗ್ಲೆಂಡಿನ ತರುಣ ತರುಣಿಯರ ಜೊತೆಗೆ ಆಸ್ಟ್ರೇಲಿಯದಿಂದ ವೆರೋನಿಕಾ ಸೀಟನ್-ವಿಲಿಯಮ್ಸ್ ಬಂದರು. ಮುಂಬಯಿಯಿಂದ ಹಸಮುಖ ಧೀರಜಲಾಲ ಸಾಂಕಳಿಯರು ಬಂದರು. ಚೀನಾದಿಂದ ಶ್ಯಾ ನೈ ಬಂದರು. ಈ ಕೊನೆಯ ಇಬ್ಬರೂ ಮುಂದೆ ತಂತಮ್ಮ ದೇಶಗಳಲ್ಲಿ ಭೂಶೋಧನಶಾಸ್ತ್ರದ ಆಚಾರ್ಯರೆನಿಸಿದರು. ಪರದೇಶದ ಮಣ್ಣಿನಲ್ಲಿ ಇವರು ಕಲಿತದ್ದು ಏನು, ಅದರಲ್ಲಿ ಉಳಿದದ್ದು ಎಷ್ಟು, ಉಳಿಯದೆ ಹೋದದ್ದು ಯಾವುದು ಎಂಬುದು ಪರ್ಯಾಲೋಚನೆಗೆ ಅರ್ಹವಾದ ವಿಷಯ.

ಅದಕ್ಕೆ ಮೊದಲು ಆ ಕಾಲದ ಅಗೆತದ ಸ್ಥಿತಿಯನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಂದಿ ಅಗೆದದ್ದು ನಿಧಿಗಾಗಿ ಅಲ್ಲದಿದ್ದರೆ ವಸ್ತುಸಂಗ್ರಹಾಲಯದ ಕಪಾಟಿಗಾಗಿ. ವಿಗ್ರಹ, ನಾಣ್ಯ, ಶಾಸನ, ಒಡವೆ ದೊರೆತರೆ ಅಗೆತ ಸಫಲ, ದೊರೆಯದಿದ್ದರೆ ವಿಫಲ. ಅವು ಯಾವ ಮಣ್ಣಿನಲ್ಲಿ, ಯಾವುದರ ಮೇಲೆ, ಯಾವುದರ ಕೆಳಗೆ ಇದ್ದವೆಂಬುದನ್ನು ಬರೆದಿಡುವ ಶ್ರಮವನ್ನು ಪಿಟ್-ರಿವರ್ಸ್ ಎಂಬ ಸೇನಾಪತಿಯಂತಹ ಕೆಲವರೇ ವಹಿಸಿದರು. ವೀಲರ್ ದಂಪತಿಗಳು ಆತನ ಮಾರ್ಗವನ್ನು ಹಿಡಿದು ಮುಂದುವರಿಸಿದರು. ಭೂಮಿಯನ್ನು ಚದುರಂಗದ ಮನೆಗಳಂತೆ ಚೌಕಗಳಾಗಿ ಗುರುತಿಸಿ, ಎರಡು ಚೌಕಗಳ ನಡುವೆ ಅಗೆಯದ ಮಣ್ಣಿನ ಗೋಡೆಯನ್ನು ಉಳಿಸಿ, ಆ ಗೋಡೆಯ ಮೈಯಲ್ಲಿ ಕಾಣುವ ಸ್ತರಗಳಿಗೆ ಒಂದೊಂದಕ್ಕೂ ಸಂಖ್ಯೆಯ ಚೀಟಿಯನ್ನು ಸಿಕ್ಕಿಸಿ, ಚಿತ್ರ ಬರೆದುಕೊಂಡು, ದೊರೆತ ಪ್ರತಿ ಚೂರನ್ನೂ ಅದರದರ ಸ್ತರದ ಲೆಕ್ಕಕ್ಕೆ ಸೇರಿಸುವುದು ಅವರ ಕ್ರಮ.

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಈ ಕ್ರಮ ಅಪರಿಚಿತವಾಗಿ ತೋರಲಾರದು. ಹತ್ತು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡ ಸಂಪಾದಕನು ಯಾವ ಪಾಠ ಮೂಲದ್ದು, ಯಾವುದು ಲೇಖಕನ ಪ್ರಮಾದ, ಯಾವುದು ಆಮೇಲೆ ಸೇರಿದ ಪ್ರಕ್ಷಿಪ್ತವೆಂದು ವಿಚಾರಿಸುವುದಷ್ಟೆ. ಮಣ್ಣಿನಲ್ಲಿಯೂ ಪ್ರಕ್ಷಿಪ್ತಗಳುಂಟು. ಹಿಂದಿನವರ ನೆಲವನ್ನು ಕೊರೆದು ಮುಂದಿನವರು ಹಗೇವು ತೋಡಿದರೆ, ಆ ಹಗೇವಿನಲ್ಲಿ ಬಿದ್ದ ಹೊಸ ಚೂರು ಹಳೆಯ ನೆಲಕ್ಕಿಂತ ಕೆಳಗೆ ಹೋಗಿ ಕುಳಿತಿರುತ್ತದೆ. ಆಳದಲ್ಲಿ ದೊರೆತದ್ದೆಲ್ಲ ಪ್ರಾಚೀನವೆಂದು ಆಳವನ್ನು ಮಾತ್ರ ಅಳೆಯುವವನು ಇಲ್ಲಿ ಮೋಸಹೋಗುತ್ತಾನೆ. ಹಗೇವಿನ ಅಂಚನ್ನು ಗುರುತಿಸಬಲ್ಲವನು ಮೋಸಹೋಗುವುದಿಲ್ಲ. ಸ್ತರವನ್ನು ಕಳೆದುಕೊಂಡ ಮಡಕೆಚೂರು ಆಕರವನ್ನು ಕಳೆದುಕೊಂಡ ಶ್ಲೋಕದಂತೆ: ಸುಂದರವಾಗಿರಬಹುದು, ಪ್ರಮಾಣವಾಗಲಾರದು.

ಮೇಡನ್ ಕಾಸಲ್ಲಿನ ಭೂಮಿ ಹೊಸದಾಗಿ ಕಲಿಯುವವನಿಗೆ ಒಂದು ವಿಧದಲ್ಲಿ ಅನುಕೂಲವಾಗಿದ್ದಿತು. ಆ ಗುಡ್ಡದ ಬಂಡೆ ಸೀಮೆಸುಣ್ಣದಂತಹ ಮೆದುವಾದ ಬಿಳಿಯ ಕಲ್ಲು. ಎರಡು ಸಾವಿರ ವರ್ಷಗಳ ಹಿಂದೆ ಮನೆಯ ಕಂಬಕ್ಕಾಗಿ ತೋಡಿದ ಕುಳಿಯಲ್ಲಿ ಕಂಬ ಕೊಳೆತು, ಕಪ್ಪು ಮಣ್ಣು ತುಂಬಿಕೊಂಡಿರುವುದರಿಂದ, ಮೇಲಣ ಮಣ್ಣನ್ನು ಕರಣೆಯಿಂದ ನವಿರಾಗಿ ಕೆರೆದು ತೆಗೆದರೆ, ಬಿಳಿಯ ನೆಲದ ಮೇಲೆ ಕರಿಯ ವೃತ್ತಗಳು ಸಾಲಾಗಿ ಮೂಡುತ್ತವೆ. ಒಂದು ಕಟ್ಟಿಗೆಯ ತುಂಡೂ ಉಳಿಯದಿದ್ದರೂ ಇಡೀ ಮನೆಯ ಆಕಾರ ಕಣ್ಣಿಗೆ ಬೀಳುತ್ತದೆ. ಇಲ್ಲದ ವಸ್ತುವನ್ನು ಅದು ಬಿಟ್ಟುಹೋದ ಕುಳಿಯಿಂದ ಅನುಮಾನಿಸುವುದು ಈ ಪಾಠಶಾಲೆಯ ಪ್ರಥಮಪಾಠ. ಧೂಮದಿಂದ ವಹ್ನಿಯನ್ನು ಅನುಮಾನಿಸುವ ತರ್ಕಶಾಸ್ತ್ರದ ವಿದ್ಯಾರ್ಥಿ ಇದನ್ನು ಬೇಗನೆ ಮೆಚ್ಚಿಯಾನು; ಆದರೆ ಆತ ಮೊಣಕಾಲೂರಿ ಮಣ್ಣು ಕೆರೆಯಲು ಒಪ್ಪಬೇಕು.

ಗುದ್ದಲಿಯ ಭಾರಿ ಕೆಲಸಕ್ಕೆ ಕೂಲಿಯವರಿದ್ದರು. ವಿದ್ಯಾರ್ಥಿಗಳ ಪಾಲಿಗೆ ಬಂದದ್ದು ಅದಕ್ಕಿಂತ ಬೇಸರದ ಕಾರ್ಯ. ಗೂಟ ನೆಡುವುದು, ದಾರ ಕಟ್ಟುವುದು, ಅಳೆಯುವುದು, ತಮಗೆ ಒಪ್ಪಿಸಿದ ಚೌಕದ ದಿನಚರಿಯನ್ನು ಅಂದಂದೇ ಬರೆಯುವುದು, ಚೂರುಗಳನ್ನು ತೊಳೆದು ಒಣಗಿಸಿ ಪ್ರತಿಯೊಂದರ ಮೇಲೂ ಮಸಿಯಿಂದ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಗುರುತು ಮಾಡುವುದು—ಹೀಗೆ ದಿನಗಳು ಕಳೆಯುತ್ತಿದ್ದವು. ಕೋಟೆಯ ಪೂರ್ವದ್ವಾರದ ಬಳಿ ಕವಣೆಕಲ್ಲುಗಳ ರಾಶಿಯೊಂದು ದೊರೆಯಿತು. ಸಮುದ್ರತೀರದಿಂದ ಹೊತ್ತು ತಂದಿದ್ದ ಆ ಗುಂಡುಕಲ್ಲುಗಳು 20,000ಕ್ಕೂ ಮೇಲ್ಪಟ್ಟಿದ್ದವು; ಅವನ್ನೂ ಎಣಿಸದೆ ಬಿಡಲಿಲ್ಲ. ನೋಡಲು ಬರುವ ಸಾರ್ವಜನಿಕರು ಬಹಳವಾಗಿದ್ದರು. ವೀಲರರಿಗೆ ಜನರ ಮುಂದೆ ನಿಂತು ಮಾತನಾಡುವುದರಲ್ಲಿ ಪ್ರೀತಿ; ಹಣದ ಕೊರತೆಯೂ ಇದ್ದಿತು; ಆದುದರಿಂದ ಬೆಲೆಯಿಲ್ಲದ ಕವಣೆಕಲ್ಲುಗಳನ್ನೂ ಚಿತ್ರದ ಕಾರ್ಡುಗಳನ್ನೂ ಮಾರಿ ಅಗೆತದ ವೆಚ್ಚಕ್ಕೆ ಸೇರಿಸಿಕೊಳ್ಳುತ್ತಿದ್ದರು. ಈ ವ್ಯಾಪಾರವನ್ನು ಕಂಡು ಮೂಗು ಮುರಿದ ಪಂಡಿತರೂ ಇದ್ದರು.

ಕೈಹಿಡಿದು ಕಲಿಸುವ ಭಾರ ಹೆಚ್ಚಾಗಿ ಟೆಸ್ಸಾ ಅವರ ಮೇಲೆ ಬಿದ್ದಿದ್ದಿತು. ವೀಲರ್ ದೊಡ್ಡ ನೋಟದ ಮನುಷ್ಯರು, ಸೇನೆಯಲ್ಲಿ ಇದ್ದು ಬಂದವರು, ಆಜ್ಞೆಗೆ ಒಗ್ಗಿದವರು. ಕರಣೆಯನ್ನು ಹೇಗೆ ಹಿಡಿಯಬೇಕು, ಸ್ತರದ ಬಣ್ಣ ಎಲ್ಲಿ ಬದಲಾಯಿತು ಎಂದು ಕುಳಿತು ತೋರಿಸುವ ತಾಳ್ಮೆ ಆಕೆಯದು. ಇದಕ್ಕೆ ಮುಂಚೆ ವೆರುಲೇಮಿಯಮ್ ಎಂಬ ರೋಮನ್ ಪಟ್ಟಣದ ಅಗೆತದಲ್ಲಿಯೂ ಆಕೆಯೇ ವಿದ್ಯಾರ್ಥಿಗಳನ್ನು ತಿದ್ದಿದ್ದರು. ಅಲ್ಲಿ ಪಳಗಿದ ಕ್ಯಾಥ್ಲೀನ್ ಕೆನ್ಯನ್ ಮುಂದೆ 1950ರ ದಶಕದಲ್ಲಿ ಜೆರಿಕೋವನ್ನು ಅಗೆದು ಪ್ರಸಿದ್ಧರಾದರು. ಮೇಡನ್ ಕಾಸಲ್ಲಿನಲ್ಲಿ ಕಲಿತ ಬಿಯಾಟ್ರಿಸ್ ಡಿ ಕಾರ್ಡಿ ಬಲೂಚಿಸ್ಥಾನದ ಪ್ರಾಚೀನ ನಿವೇಶನಗಳನ್ನು ಹುಡುಕಿದರು. ಅಷ್ಟಾಗಿಯೂ ಮೇಡನ್ ಕಾಸಲ್ ವರದಿಯ ಮುಖಪತ್ರದಲ್ಲಿ ಗ್ರಂಥಕರ್ತರೆಂದು ಇರುವುದು ವೀಲರರ ಹೆಸರೊಂದೇ. ಶಿಷ್ಯರಿಗೆ ಅಕ್ಷರಾಭ್ಯಾಸ ಮಾಡಿಸಿದವರ ಹೆಸರು ಭಾಷ್ಯದ ಕೊನೆಯಲ್ಲಿ ಬರುವುದು ಅಪರೂಪವೆಂಬುದು ನಮ್ಮ ಕಡೆಯವರಿಗೂ ಅನುಭವವೇ.

ಸಾಂಕಳಿಯರು 1908ರಲ್ಲಿ ಮುಂಬಯಿಯಲ್ಲಿ ಜನಿಸಿದವರು. ಅವರ ಮೊದಲ ವ್ಯಾಸಂಗವು ಗ್ರಂಥಗಳದ್ದೇ. ನಾಲಂದಾ ವಿಶ್ವವಿದ್ಯಾಲಯವನ್ನು ಕುರಿತು ಅವರು ಬರೆದ ಪ್ರಬಂಧ 1934ರಲ್ಲಿ ಪ್ರಕಟವಾಯಿತು. ಗ್ರಂಥಗಳನ್ನೂ ಯಾತ್ರಿಕರ ಬರಹಗಳನ್ನೂ ಮುಂದಿಟ್ಟುಕೊಂಡು ಒಂದು ಪ್ರಾಚೀನ ವಿದ್ಯಾಪೀಠವನ್ನು ಕಟ್ಟಿ ನಿಲ್ಲಿಸುವುದು ಆ ಕೃತಿಯ ಉದ್ದೇಶ. ಲಂಡನ್ನಿನಲ್ಲಿ ಅವರು ಡಾಕ್ಟರ್ ಪದವಿಗಾಗಿ ಹಿಡಿದ ವಿಷಯ ಗುಜರಾತದ ಪ್ರಾಚೀನಾವಶೇಷಗಳು. ಆ ವರ್ಷಗಳಲ್ಲಿಯೇ ಅವರು ಮೇಡನ್ ಕಾಸಲ್ಲಿಗೆ ಹೋಗಿ ವೀಲರರ ಕೈಕೆಳಗೆ ಅಗೆತವನ್ನು ಅಭ್ಯಾಸಮಾಡಿದರು. ಆ ಕೋಟೆಯಲ್ಲಿ ಬಾಳಿದವರು ಒಂದು ಸಾಲನ್ನಾದರೂ ಬರೆದಿಟ್ಟಿಲ್ಲ. ಅವರ ದೇವರ ಹೆಸರು ಗೊತ್ತಿಲ್ಲ, ಅರಸನ ಹೆಸರು ಗೊತ್ತಿಲ್ಲ. ನಾಲಂದೆಯ ವಿಷಯದಲ್ಲಿ ಶಬ್ದಪ್ರಮಾಣವೇ ಮುಖ್ಯವಾಗಿದ್ದಿತು. ಡಾರ್ಸೆಟ್ಟಿನ ಗುಡ್ಡದಲ್ಲಿ ಶಬ್ದವೇ ಇಲ್ಲ, ಪ್ರತ್ಯಕ್ಷ ಅನುಮಾನಗಳೆರಡೇ ಗತಿ. ಗ್ರಂಥಗಳಿಂದ ತುಂಬಿದ ದೇಶದಿಂದ ಹೋದ ವಿದ್ಯಾರ್ಥಿಗೆ ಇದು ದೊಡ್ಡ ಪಲ್ಲಟ. ಸಾಂಕಳಿಯರ ಮುಂದಿನ ಬಾಳನ್ನು ನೋಡಿದರೆ, ಅಕ್ಷರಕ್ಕೆ ಹಿಂದಿನ ಕಾಲವೇ ಅವರ ಮುಖ್ಯಕ್ಷೇತ್ರವಾದುದು ಕಾಣುತ್ತದೆ.

ಶ್ಯಾ ನೈ ಅವರ ಸ್ಥಿತಿ ಬೇರೆ. 1910ರಲ್ಲಿ ವೆಂಜೌ ಪಟ್ಟಣದಲ್ಲಿ ಹುಟ್ಟಿ, ಛಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನು ಓದಿದ ಅವರು, 1935ರಲ್ಲಿ ವಿಲಾಯತಿಗೆ ಹೊರಡುವ ಮುನ್ನವೇ ಷಾಂಗ್ ಅರಸರ ರಾಜಧಾನಿಯಾದ ಆನ್‌ಯಾಂಗಿನ ಅಗೆತದಲ್ಲಿ ಕೆಲಸ ಮಾಡಿದ್ದರು. ಆದುದರಿಂದ 1936ರ ಬೇಸಗೆಯಲ್ಲಿ ಮೇಡನ್ ಕಾಸಲ್ಲಿಗೆ ಬಂದಾಗ ಅವರು ಕೇವಲ ಶಿಷ್ಯರಲ್ಲ, ಹೋಲಿಸಿ ನೋಡಬಲ್ಲ ಶಿಷ್ಯರು. ಲಂಡನ್ನಿನಲ್ಲಿ ಅವರು ಮೊದಲು ಸೇರಿದ್ದು ಚೀನೀ ಕಲೆಯನ್ನು ಬೋಧಿಸುತ್ತಿದ್ದ ಒಬ್ಬ ಆಂಗ್ಲ ಪ್ರಾಧ್ಯಾಪಕರ ಬಳಿ. ಚೀನಾದ ವಸ್ತುಗಳನ್ನು ಕಲಿಯಲು ಚೀನೀಯನು ಲಂಡನ್ನಿಗೆ ಬರಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಅವರು ಬೇಗನೆ ಆ ವ್ಯಾಸಂಗವನ್ನು ಬಿಟ್ಟು ಈಜಿಪ್ಟಿನ ಪ್ರಾಕ್ತನಶಾಸ್ತ್ರಕ್ಕೆ ತಿರುಗಿದರು. ಈಜಿಪ್ಟಿನ ಆರ್ಮಂಟಿನಲ್ಲಿಯೂ ಪ್ಯಾಲೆಸ್ತೀನಿನ ಟೆಲ್ ಎದ್-ದುವೈರಿನಲ್ಲಿಯೂ 1938ರಲ್ಲಿ ಅಗೆದರು. ದುವೈರಿನ ಮುಖ್ಯಸ್ಥರಾಗಿದ್ದ ಸ್ಟಾರ್ಕಿ ಆ ವರ್ಷದ ಜನವರಿಯಲ್ಲಿಯೇ ದಾರಿಯಲ್ಲಿ ಕೊಲೆಯಾಗಿದ್ದರು. ತಂಡದವರು ಕೆಲಸವನ್ನು ಮಾತ್ರ ಮುಂದುವರಿಸಿದ್ದರು. ಈಜಿಪ್ಟಿನ ಮಣಿಗಳನ್ನು ಕುರಿತ ಶ್ಯಾ ನೈ ಅವರ ಮಹಾಪ್ರಬಂಧಕ್ಕೆ ಯುದ್ಧದ ದೆಸೆಯಿಂದ 1946ರಲ್ಲಿ, ಅವರು ಸ್ವದೇಶಕ್ಕೆ ಮರಳಿ ಐದು ವರ್ಷಗಳಾದ ಮೇಲೆ, ಪದವಿ ಲಭಿಸಿತು.

ಇನ್ನು ಈ ಗುರುಕುಲದ ಮತ್ತೊಂದು ಮುಖವನ್ನು ನೋಡಬೇಕು. ಮೇಡನ್ ಕಾಸಲ್ಲಿನ ಪೂರ್ವದ್ವಾರದಲ್ಲಿ ಒಂದು ರುದ್ರಭೂಮಿ ಬೆಳಕಿಗೆ ಬಂದಿತು. ಅಲ್ಲಿಯ ಎಲುಬುಗೂಡುಗಳಲ್ಲಿ ಹಲವಕ್ಕೆ ತಲೆಯೋಡಿನ ಮೇಲೆ ಕತ್ತಿಯ ಗಾಯಗಳಿದ್ದವು. ಒಂದರ ಬೆನ್ನೆಲುಬಿನಲ್ಲಿ ಕಬ್ಬಿಣದ ಅಲಗು ನಾಟಿಕೊಂಡಿದ್ದಿತು. ಕೆಲವರ ಬಳಿ ಪಾತ್ರೆಯನ್ನೂ ಕುರಿಯ ಮಾಂಸದ ತುಂಡನ್ನೂ ಇಟ್ಟು ಹೂಳಿದ್ದರು. ವೀಲರರ ಕಲ್ಪನೆ ಇಲ್ಲಿ ರೆಕ್ಕೆ ಬಿಚ್ಚಿತು. ಕ್ರಿ. ಶ. 43ರಲ್ಲಿ ರೋಮನರು ಬ್ರಿಟನ್ನನ್ನು ಹೊಕ್ಕಾಗ, ಮುಂದೆ ಚಕ್ರವರ್ತಿಯಾದ ವೆಸ್ಪಾಸಿಯನ್ ಎರಡನೆಯ ಲೀಜನ್ ಸೇನೆಯೊಡನೆ ಈ ಕೋಟೆಯನ್ನು ಮುತ್ತಿದನೆಂದೂ, ಸುತ್ತಣ ಗುಡಿಸಲುಗಳಿಗೆ ಬೆಂಕಿಯಿಟ್ಟು ದ್ವಾರವನ್ನು ಭೇದಿಸಿ ಸಂಹಾರ ನಡೆಸಿದನೆಂದೂ, ಸೋತವರು ಕತ್ತಲಲ್ಲಿ ತಮ್ಮವರನ್ನು ಆತುರದಿಂದ ಹೂಳಿದರೆಂದೂ ಅವರು ಕಣ್ಣಾರೆ ಕಂಡವರಂತೆ ವರ್ಣಿಸಿದರು. ಆ ಪುಟಗಳನ್ನು ಓದಿದವರು ಮರೆಯಲಾರರು. ಮಹಾಕಾವ್ಯದ ಅಷ್ಟಾದಶವರ್ಣನೆಗಳ ಪಟ್ಟಿಯಲ್ಲಿ ಇಂತಹ ಕೋಟೆಯ ಲಗ್ಗೆಗೆ ಸ್ಥಾನ ಸಲ್ಲುವುದು.

ಆಧಾರವನ್ನು ವಿಚಾರಿಸಿದರೆ ಕಥೆ ಸಡಿಲವಾಗುತ್ತದೆ. ರೋಮನ್ ಚರಿತ್ರಕಾರ ಸ್ವೆಟೋನಿಯಸ್ ವೆಸ್ಪಾಸಿಯನ್ನನು ಇಪ್ಪತ್ತಕ್ಕೂ ಹೆಚ್ಚು ಕೋಟೆಕೊತ್ತಲಗಳನ್ನು ಗೆದ್ದನೆಂದು ಹೇಳಿದ್ದಾನೆಯೇ ಹೊರತು ಮೇಡನ್ ಕಾಸಲ್ಲನ್ನು ಹೆಸರಿಸಿಲ್ಲ. 1985-86ರಲ್ಲಿ ನೈಲ್ ಶಾರ್ಪಲ್ಸ್ ಮತ್ತೆ ಅಗೆದು ಪರಿಶೀಲಿಸಿದಾಗ ಮುತ್ತಿಗೆಯ ಕಥೆಗೆ ಬಲ ಬರಲಿಲ್ಲ. 2025ರಲ್ಲಿ ಪ್ರಕಟವಾದ ಎಲುಬುಗಳ ಇಂಗಾಲಪರೀಕ್ಷೆ, ಆ ಜನರು ಒಂದೇ ದಿನದಲ್ಲಿ ಸತ್ತವರಲ್ಲವೆಂದೂ, ಹಲವು ದಶಕಗಳ ಅವಧಿಯಲ್ಲಿ, ಬಹುಮಟ್ಟಿಗೆ ರೋಮನರು ಬರುವುದಕ್ಕೆ ಮೊದಲೇ, ಮಡಿದವರೆಂದೂ ತೋರಿಸಿತು. ಗಾಯಗಳು ನಿಜ, ಹೊಡೆದವರು ಬೇರೆ. ಗಮನಿಸತಕ್ಕ ಅಂಶವೆಂದರೆ, ಕಥೆಯು ಬಿದ್ದುದು ಸ್ತರಗಳು ತಪ್ಪಾಗಿದ್ದವೆಂದಲ್ಲ. ಆ ವಿದ್ಯಾರ್ಥಿಗಳು ಗುರುತಿಸಿದ ಸ್ತರಗಳೂ ಬರೆದ ಚಿತ್ರಗಳೂ ಇದ್ದುದರಿಂದಲೇ ಐವತ್ತು, ತೊಂಬತ್ತು ವರ್ಷಗಳ ಮೇಲೆ ಬಂದವರು ಪುನರ್ವಿಚಾರ ಮಾಡಲು ಸಾಧ್ಯವಾಯಿತು.

ಇದು ಪರದೇಶದ ಒಂದು ಗುಡ್ಡದ ಮಾತಾಗಿ ನಿಂತಿದ್ದರೆ ಸಂಸ್ಕೃತ ವಿದ್ವಾಂಸರಿಗೆ ಅಷ್ಟು ಪ್ರಸಕ್ತವಾಗುತ್ತಿರಲಿಲ್ಲ. ಆದರೆ ವೀಲರರು 1944ರಲ್ಲಿ ಭಾರತ ಸರ್ಕಾರದ ಪುರಾತತ್ವ ಇಲಾಖೆಗೆ ಮುಖ್ಯಾಧಿಕಾರಿಗಳಾಗಿ ಬಂದರು. ಬಂದ ವರ್ಷವೇ ತಕ್ಷಶಿಲೆಯಲ್ಲಿ ತರುಣರಿಗಾಗಿ ಮೇಡನ್ ಕಾಸಲ್ಲಿನ ಮಾದರಿಯ ಪಾಠಶಾಲೆಯನ್ನು ತೆರೆದರು. 1946ರಲ್ಲಿ ಹರಪ್ಪೆಯ ಕೋಟೆಗೋಡೆಯನ್ನು ಸ್ತರಕ್ರಮದಿಂದ ಅಗೆದರು. ಅಲ್ಲಿಯವರೆಗೆ ಕೋಟೆಯಿದೆಯೆಂದು ತಿಳಿಯದಿದ್ದ ಪಟ್ಟಣಕ್ಕೆ ಕೋಟೆ ಕಂಡಿತು. ಒಡನೆಯೇ ಋಗ್ವೇದದ ಪುರಂದರನ ನೆನಪು ಅವರಿಗೆ ಬಂದಿತು. ಮೊಹೆಂಜೊದಾರೊವಿನ ಬೀದಿಗಳಲ್ಲಿ ಹಿಂದೆ ದೊರೆತಿದ್ದ ಎಲುಬುಗೂಡುಗಳನ್ನು ಅದಕ್ಕೆ ಜೋಡಿಸಿ, ಸಿಂಧೂನಗರಗಳನ್ನು ಕೆಡವಿದ ಅಪರಾಧವನ್ನು ಇಂದ್ರನ ಮೇಲೆ ಹೊರಿಸಿದರು. ಪೂರ್ವದ್ವಾರದಲ್ಲಿ ವೆಸ್ಪಾಸಿಯನ್ನನು ಮಾಡಿದ ಪಾತ್ರವನ್ನೇ ಇಲ್ಲಿ ಇಂದ್ರನು ಮಾಡಬೇಕಾಯಿತು. ಅಲ್ಲಿ ಸ್ವೆಟೋನಿಯಸ್ಸನ ಒಂದು ವಾಕ್ಯ, ಇಲ್ಲಿ ಋಷಿಗಳ ಒಂದು ವಿಶೇಷಣ. ಎರಡು ಕಡೆಯೂ ಸಾಕ್ಷ್ಯಕ್ಕೆ ಎಲುಬುಗೂಡು. 1964ರಲ್ಲಿ ಜಾರ್ಜ್ ಡೇಲ್ಸ್ ಆ ಎಲುಬುಗೂಡುಗಳು ಒಂದೇ ಸ್ತರಕ್ಕೆ ಸೇರಿದವಲ್ಲವೆಂದು ತೋರಿಸಿ ಈ ಸಂಹಾರವನ್ನು ಕಟ್ಟುಕಥೆಯೆಂದರು. ಗುರುವು ಕಲಿಸಿದ ಪರೀಕ್ಷೆಯೇ ಗುರುವಿನ ಸಿದ್ಧಾಂತವನ್ನು ಖಂಡಿಸಿತು.

ಗ್ರಂಥದ ಮಾತನ್ನು ಮಣ್ಣಿಗೆ ಹೊಂದಿಸುವ ಆಸೆ ಶಿಷ್ಯರಿಗೂ ಇಳಿಯದೆ ಇರಲಿಲ್ಲ. ತಕ್ಷಶಿಲೆಯಲ್ಲಿ ಕಲಿತ ಬಿ. ಬಿ. ಲಾಲರು ಸಂಸ್ಕೃತದಲ್ಲಿ ಎಂ. ಎ. ಪಡೆದವರು, 1950-52ರಲ್ಲಿ ಹಸ್ತಿನಾಪುರವನ್ನು ಅಗೆದು, ಅಲ್ಲಿ ಕಂಡ ಪ್ರವಾಹದ ಗುರುತನ್ನು, ಗಂಗೆಯ ನೆರೆಯಿಂದ ನಿಚಕ್ಷು ಅರಸನು ಕೌಶಾಂಬಿಗೆ ಹೋದನೆಂಬ ಪುರಾಣವಚನಕ್ಕೆ ಜೋಡಿಸಿದರು. ಪ್ರವಾಹವಾದುದು ಸ್ತರದಿಂದ ಸಿದ್ಧ. ಆ ಪ್ರವಾಹವೇ ಪುರಾಣದ್ದು ಎಂಬುದು ಅನುಮಾನ. ಎರಡನ್ನು ಒಂದೇ ತೂಕದಲ್ಲಿ ಗ್ರಹಿಸಿದವರು ಶಾಲೆಯ ಪಠ್ಯಗಳ ಮೂಲಕ ಬಹಳ ಗೊಂದಲವನ್ನು ಹರಡಿದರು; ಆ ತಪ್ಪು ಲಾಲರದಕ್ಕಿಂತ ಓದಿದವರದು ಹೆಚ್ಚು.

ಕಥೆಯ ಹಂಗಿಲ್ಲದೆ ಸ್ತರವನ್ನು ಓದಿದ್ದಕ್ಕೆ ನಿದರ್ಶನ ಬೇಕಾದರೆ ಶ್ಯಾ ನೈ ಅವರದನ್ನೇ ಕೊಡಬಹುದು. ವಾಯವ್ಯ ಚೀನಾದ ಗಾನ್ಸು ಪ್ರಾಂತದ ಪ್ರಾಗಿತಿಹಾಸವನ್ನು ಸ್ವೀಡನ್ ದೇಶದ ಆಂಡರ್ಸನ್ ವಿಂಗಡಿಸಿದ್ದರು. ಛಿಜ್ಯಾ ಎಂಬ ಸಂಸ್ಕೃತಿ ಮೊದಲನೆಯದು, ಚಿತ್ರಿತ ಮಡಕೆಗಳ ಯಾಂಗ್‌ಷಾವ್ ಸಂಸ್ಕೃತಿ ಅದರ ತರುವಾಯದ್ದು ಎಂದು ಅವರ ನಿರ್ಣಯ. ಅದರ ಮೇಲೆ ದೊಡ್ಡ ಕಾಲಗಣನೆಯೇ ನಿಂತಿದ್ದಿತು. 1945ರಲ್ಲಿ ಯಾಂಗ್‌ವಾವಾನ್ ಎಂಬಲ್ಲಿ ಶ್ಯಾ ನೈ ಅವರು ಛಿಜ್ಯಾ ಕಾಲದ ಎರಡು ಗೋರಿಗಳನ್ನು ತೆರೆದರು. ಗೋರಿಯನ್ನು ಮುಚ್ಚಲು ತುಂಬಿದ್ದ ಮಣ್ಣಿನಲ್ಲಿ ಯಾಂಗ್‌ಷಾವ್ ಬಗೆಯ ಚಿತ್ರಿತ ಮಡಕೆಚೂರುಗಳು ದೊರೆತವು. ಗುಂಡಿಯನ್ನು ಮುಚ್ಚುವಾಗ ಆ ಚೂರುಗಳು ಮಣ್ಣಿನಲ್ಲಿ ಆಗಲೇ ಇದ್ದಿರಬೇಕು. ಆದುದರಿಂದ ಯಾಂಗ್‌ಷಾವ್ ಹಿಂದಿನದು, ಛಿಜ್ಯಾ ಮುಂದಿನದು. ಕೆಲವೇ ಬೋಕಿಗಳಿಂದ ಒಂದು ಪ್ರಾಂತದ ಇತಿಹಾಸ ತಲೆಕೆಳಗಾಯಿತು, ಅಥವಾ ತಲೆಕೆಳಗಾಗಿದ್ದುದು ನೆಟ್ಟಗಾಯಿತು. ವಿಗ್ರಹ ಒಡವೆಗಳನ್ನು ಅರಸುವವನು ಅಂತಹ ಚೂರುಗಳನ್ನು ಮಂಕರಿಗೆ ಹಾಕಿ ಚೆಲ್ಲಿಬಿಡುತ್ತಿದ್ದನು.

ಕರ್ಣಾಟಕದಲ್ಲಿ ಈ ಕ್ರಮದ ಪ್ರಯೋಗ 1947ರಲ್ಲಿ ನಡೆಯಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ರೈಸ್ ಅವರು 1892ರಲ್ಲಿಯೇ ಕಂಡುಹಿಡಿದಿದ್ದರು. ಲಂಡನ್ನಿನಲ್ಲಿ ಓದಿ ಬಂದಿದ್ದ ಡಾ. ಎಂ. ಎಚ್. ಕೃಷ್ಣ ಅವರು ಶಾಸನೋಕ್ತವಾದ ಇಸಿಲ ಪಟ್ಟಣವನ್ನು ಅರಸಿ ಅಲ್ಲಿ ಅಗೆಯಿಸಿದ್ದರು. ಚಂದ್ರವಳ್ಳಿಯಲ್ಲಿಯೂ ಮೊದಲು ಅಗೆದವರು ಅವರೇ. ವೀಲರರು ಈ ಎರಡು ಸ್ಥಳಗಳನ್ನೂ ಮತ್ತೆ ತೆಗೆದು, ನಯಗೊಳಿಸಿದ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಅವರ ಮೇಲೆ ಶಾತವಾಹನರ ಕಾಲದ ಜನ ಎಂದು ಮೂರು ನೆಲೆಗಳನ್ನು ನಿರ್ಣಯಿಸಿದರು. ಅರಿಕಮೇಡಿನಲ್ಲಿ ರೋಮನ್ ಪಾತ್ರೆಗಳ ಸಹವಾಸದಿಂದ ಕಾಲ ತಿಳಿದಿದ್ದ ಮಡಕೆಗಳ ಬಗೆ ಇಲ್ಲಿಯೂ ದೊರೆತದ್ದು ಈ ನಿರ್ಣಯಕ್ಕೆ ಆಧಾರ. ಕಲ್ಲುಕೊಡಲಿಯ ಜನಕ್ಕೆ ಅವರು ಕೊಟ್ಟ ಕಾಲ ಕ್ರಿ. ಪೂ. ಮೊದಲನೆಯ ಸಹಸ್ರಮಾನದ ಆದಿಭಾಗ. ಇಂಗಾಲಪರೀಕ್ಷೆ ಬಂದ ಮೇಲೆ ದಕ್ಷಿಣದ ನೂತನಶಿಲಾಯುಗ ಕ್ರಿ. ಪೂ. ಮೂರನೆಯ ಸಹಸ್ರಮಾನದವರೆಗೂ ಹಿಂದೆ ಸರಿಯಿತು. ಆ ನೆಲೆಗಳು ಒಂದರ ಮೇಲೊಂದು ಬಂದ ಅನುಕ್ರಮವನ್ನು ಮಾತ್ರ ಯಾರೂ ಅಲುಗಿಸಿಲ್ಲ.

ಸಾಂಕಳಿಯರು 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಅದೇ ಪಟ್ಟಣದ ಭಾಂಡಾರ್ಕರ್ ಸಂಸ್ಥೆಯಲ್ಲಿ ಸುಕ್ತಂಕರರ ನೇತೃತ್ವದಲ್ಲಿ ಮಹಾಭಾರತದ ಪರಿಷ್ಕರಣ ನಡೆಯುತ್ತಿದ್ದ ಕಾಲವದು. ಒಂದು ಕಡೆ ಓಲೆಗಳ ಸ್ತರವನ್ನು ಬಿಡಿಸುವವರು, ಇನ್ನೊಂದು ಕಡೆ ಮಣ್ಣಿನ ಸ್ತರವನ್ನು ಬಿಡಿಸುವವರು. ಇಬ್ಬರಿಗೂ ಇನ್ನೂ ಹೆಚ್ಚು ಮಾತುಕತೆ ಇದ್ದಿದ್ದರೆ ಚೆನ್ನಾಗಿತ್ತು. ಸಾಂಕಳಿಯರ ಕೈಯಲ್ಲಿ ಪಳಗಿದ ಬಿ. ಸುಬ್ಬರಾಯರು 1940ರ ದಶಕದ ಕೊನೆಯಲ್ಲಿ ಬಳ್ಳಾರಿಯ ಬಳಿಯ ಸಂಗನಕಲ್ಲನ್ನು ಅಗೆದರು. 1963-64ರಲ್ಲಿ ಅದೇ ಶಾಲೆಯ ಎಂ. ಎಸ್. ನಾಗರಾಜರಾಯರೂ ಕೆ. ಸಿ. ಮಲ್ಹೋತ್ರರೂ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಗುಡ್ಡಗಳನ್ನು ಹತ್ತಿದರು. ಅಲ್ಲಿ ಸೀಮೆಸುಣ್ಣದಂತಹ ಬಿಳಿಯ ನೆಲವಿಲ್ಲ. ಕರಿಯ ಬಂಡೆಗಳ ನಡುವೆ ಸಣ್ಣ ಸಣ್ಣ ಸಮತಟ್ಟುಗಳು ಮಾತ್ರ. ಆ ತಟ್ಟುಗಳ ಮಣ್ಣನ್ನು ಕೆರೆದಾಗ ದುಂಡಾದ ಗುಡಿಸಲುಗಳ ನೆಲ ಮೂಡಿತು.